ಇನ್ಸುಲಿನ್ ಸಾಕ್ಷಿ ನುಡಿದಾಗ

ಸಕ್ಕರೆ ಕಾಯಿಲೆ ಇರುವವರ ಮನೆಯ ಫ್ರಿಜ್‌ನಲ್ಲಿ ಬೆಣ್ಣೆಯ ಡಬ್ಬಿ, ಹೂವಿನ ಪೊಟ್ಟಣಗಳ ಪಕ್ಕದಲ್ಲಿ ಇನ್ಸುಲಿನ್‌ನ ಪುಟ್ಟ ಸೀಸೆಯೊಂದು ಇರುವುದು ಈಗ ಸಾಮಾನ್ಯ ನೋಟ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ 14 ವರ್ಷದ ಬಾಲಕನೊಬ್ಬನಿಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚಿದರು. ಅಂದಿನಿಂದ ಇಂದಿನವರೆಗೆ ಈ ಔಷಧ ಉಳಿಸಿರುವ ಜೀವಗಳಿಗೆ ಲೆಕ್ಕವಿಲ್ಲ. ಆದರೆ ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಇನ್ಸುಲಿನ್‌ಗೆ ಅನ್ವಯಿಸುವಷ್ಟು ಬೇರೆ ಔಷಧಕ್ಕೆ ಅನ್ವಯಿಸಲಾರದು. ಕೊಲೆಗಾರರು ಇದನ್ನು ಬಳಸಿದ್ದಾರೆ. ಪದಕದ ಆಸೆಗೆ ಬಿದ್ದ ಕ್ರೀಡಾಪಟುಗಳೂ ಬಳಸಿದ್ದಾರೆ. ಇಬ್ಬರ ಲೆಕ್ಕಾಚಾರವೂ ಒಂದೇ: ಇನ್ಸುಲಿನ್ ಎಲ್ಲರ ದೇಹದಲ್ಲಿಯೂ ಇರುವ ವಸ್ತು, ಅದನ್ನು ಹೊರಗಿನಿಂದ ಹಾಕಿದರೆ ಯಾರು ತಾನೇ ಕಂಡುಹಿಡಿದಾರು?

ಈ ಲೆಕ್ಕಾಚಾರ ತಪ್ಪು ಎಂದು ವಿಜ್ಞಾನ ಹಂತಹಂತವಾಗಿ ತೋರಿಸಿಕೊಟ್ಟಿದೆ.

ಬ್ರಾಡ್‌ಫರ್ಡ್‌ನ ಸ್ನಾನದ ತೊಟ್ಟಿ

1957ರ ಮೇ 3ರ ರಾತ್ರಿ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದ ಮನೆಯೊಂದರಿಂದ ವೈದ್ಯರಿಗೆ ಕರೆ ಬಂತು. ಕೆನೆತ್ ಬಾರ್ಲೋ ಎಂಬ 38 ವರ್ಷದ ಪುರುಷ ನರ್ಸ್‌ನ ಹೆಂಡತಿ ಎಲಿಜಬೆತ್ ಸ್ನಾನದ ತೊಟ್ಟಿಯಲ್ಲಿ ಮುಳುಗಿ ಸತ್ತಿದ್ದಳು. ತಾನು ನಿದ್ದೆ ಹೋಗಿದ್ದೆ, ಎದ್ದು ನೋಡಿದಾಗ ಅವಳು ನೀರಿನಲ್ಲಿ ಮುಳುಗಿದ್ದಳು, ಕೃತಕ ಉಸಿರಾಟ ನೀಡಿ ಉಳಿಸಲು ಶತಪ್ರಯತ್ನ ಮಾಡಿದೆ ಎಂದು ಬಾರ್ಲೋ ಹೇಳಿದ.

ಪೊಲೀಸರಿಗೆ ಎರಡು ವಿಷಯಗಳು ವಿಚಿತ್ರವಾಗಿ ಕಂಡವು. ಹೆಂಡತಿಯನ್ನು ಉಳಿಸಲು ಅಷ್ಟು ಹೆಣಗಾಡಿದವನ ಪೈಜಾಮ ಒದ್ದೆಯಾಗಿರಲಿಲ್ಲ. ಸತ್ತವಳ ಮೊಣಕೈ ಮಡಿಕೆಯಲ್ಲಿ ನೀರು ಹಾಗೆಯೇ ನಿಂತಿತ್ತು. ಕೃತಕ ಉಸಿರಾಟ ಮಾಡಿದ್ದರೆ ಆ ನೀರು ಚೆಲ್ಲಿಹೋಗಬೇಕಿತ್ತು. ಅಡುಗೆಮನೆಯಲ್ಲಿ ಎರಡು ಸಿರಿಂಜ್‌ಗಳೂ ಸಿಕ್ಕವು. ಎಲಿಜಬೆತ್ ಸುಮಾರು ಎರಡು ತಿಂಗಳ ಗರ್ಭಿಣಿಯಾಗಿದ್ದಳು. ಸಾಯುವ ಮೊದಲು ಅವಳು ವಾಂತಿ ಮಾಡಿದ್ದಳು, ಬಟ್ಟೆ ತೊಯ್ಯುವಷ್ಟು ಬೆವರಿದ್ದಳು. ಕಣ್ಣಿನ ಪಾಪೆಗಳು ಅಗಲವಾಗಿ ಹಿಗ್ಗಿದ್ದವು.

ಶವಪರೀಕ್ಷೆ ಮಾಡಿದ ಡಾ. ಡೇವಿಡ್ ಪ್ರೈಸ್ ಅವರು ಭೂತಗನ್ನಡಿ ಹಿಡಿದು ಇಡೀ ಚರ್ಮವನ್ನು ಅಂಗುಲ ಅಂಗುಲವಾಗಿ ಹುಡುಕಿದರು. ಪೃಷ್ಠದ ಮೇಲೆ, ನಸುಕಂದು ಮಚ್ಚೆಗಳ ನಡುವೆ, ಸೂಜಿ ಚುಚ್ಚಿದ ಗುರುತುಗಳು ಸಿಕ್ಕವು. ಆದರೆ ಚುಚ್ಚಿದ್ದು ಏನನ್ನು? ಗೊತ್ತಿದ್ದ ವಿಷಗಳನ್ನೆಲ್ಲ ಪರೀಕ್ಷಿಸಿದರೂ ಏನೂ ಸಿಗಲಿಲ್ಲ. ಆಗ ತಜ್ಞರು ಕುಳಿತು ಲಕ್ಷಣಗಳನ್ನು ಒಂದೊಂದಾಗಿ ಜೋಡಿಸಿದರು. ಬೆವರು, ವಾಂತಿ, ನಿಶ್ಶಕ್ತಿ, ಹಿಗ್ಗಿದ ಪಾಪೆ. ಇವೆಲ್ಲ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿದಾಗ ಕಾಣುವ ಲಕ್ಷಣಗಳು.

ಇಲ್ಲೊಂದು ಒಗಟು ಎದುರಾಯಿತು. ಸತ್ತವಳ ಹೃದಯದ ರಕ್ತದಲ್ಲಿ ಸಕ್ಕರೆ ಕಡಿಮೆ ಇರಲಿಲ್ಲ, ಹೆಚ್ಚಾಗಿಯೇ ಇತ್ತು. ಪ್ರಾಣ ಹೋಗುವ ಹೊತ್ತಿನ ಹೋರಾಟದಲ್ಲಿ ಯಕೃತ್ತು ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ಸುರಿಯುತ್ತದೆ, ಅದು ಹೃದಯದ ಬಲಭಾಗದ ರಕ್ತವನ್ನು ಸೇರುತ್ತದೆ ಎಂಬುದು ಇದಕ್ಕೆ ತಜ್ಞರು ಕೊಟ್ಟ ವಿವರಣೆ. ಸತ್ತ ಮೇಲೆ ಅಳೆದ ಸಕ್ಕರೆಯನ್ನು ನೆಚ್ಚಿಕೊಳ್ಳುವಂತಿಲ್ಲ ಎಂಬ ಪಾಠ ಅಂದೇ ಗಟ್ಟಿಯಾಯಿತು.

ಸಕ್ಕರೆ ಇಳಿದರೆ ಸಾವೇಕೆ?

ಮೇದೋಜೀರಕಾಂಗದಲ್ಲಿ ತಯಾರಾಗುವ ಇನ್ಸುಲಿನ್, ರಕ್ತದಲ್ಲಿರುವ ಗ್ಲೂಕೋಸನ್ನು ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳ ಒಳಗೆ ಸೇರಿಸುವ ಹಾರ್ಮೋನು. ಉಪವಾಸದ ವೇಳೆ ಆರೋಗ್ಯವಂತರ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 70ರಿಂದ 100 ಮಿಲಿಗ್ರಾಂ ಗ್ಲೂಕೋಸ್ ಇರುತ್ತದೆ. ಅದು 70ಕ್ಕಿಂತ ಇಳಿದರೆ ಎಚ್ಚರಿಕೆಯ ಗಂಟೆ. 54ಕ್ಕಿಂತ ಇಳಿದರೆ ಅಪಾಯ. ಮಿದುಳು ತನಗೆ ಬೇಕಾದ ಗ್ಲೂಕೋಸನ್ನು ಕೂಡಿಟ್ಟುಕೊಳ್ಳಲಾರದು. ದಿನಗೂಲಿಯವರಂತೆ ಅದಕ್ಕೆ ಆಗಿನದು ಆಗಲೇ ಸಿಗಬೇಕು. ರಕ್ತದಿಂದ ಬರುವ ಪಾಲು ನಿಂತರೆ ಮೊದಲು ಗೊಂದಲ, ಬಳಿಕ ಫಿಟ್ಸ್, ಪ್ರಜ್ಞೆ ತಪ್ಪುವುದು, ಕೊನೆಗೆ ಶಾಶ್ವತ ಹಾನಿ ಇಲ್ಲವೇ ಸಾವು.

ಇಲಿಗಳು ಕೊಟ್ಟ ಉತ್ತರ

ಅಂದು ರಕ್ತದಲ್ಲಿ ಇನ್ಸುಲಿನ್ ಎಷ್ಟಿದೆ ಎಂದು ಅಳೆಯುವ ನೆಚ್ಚಿನ ವಿಧಾನವೇ ಇರಲಿಲ್ಲ. ಹೀಗಾಗಿ ವಿಜ್ಞಾನಿಗಳು ಸೂಜಿ ಚುಚ್ಚಿದ ಜಾಗದ ಅಂಗಾಂಶವನ್ನು ಕತ್ತರಿಸಿ, ಅದರ ಸಾರ ತೆಗೆದು ಪುಟ್ಟ ಇಲಿಗಳಿಗೆ ಚುಚ್ಚಿದರು. ಇಲಿಗಳು ನಡುಗಿ, ಸೆಳವಿಗೆ ಒಳಗಾಗಿ ಬಿದ್ದವು. ಗ್ಲೂಕೋಸ್ ಕೊಟ್ಟಾಗ ಚೇತರಿಸಿಕೊಂಡವು. ಇನ್ಸುಲಿನ್ ಅನ್ನು ನಾಶಪಡಿಸುವ ವಸ್ತುಗಳನ್ನು ಸಾರಕ್ಕೆ ಬೆರೆಸಿದಾಗ ಪರಿಣಾಮ ಮಾಯವಾಯಿತು. ಆ ಅಂಗಾಂಶದಲ್ಲಿ ಒಟ್ಟು 84 ಯೂನಿಟ್ ಇನ್ಸುಲಿನ್ ಉಳಿದಿತ್ತೆಂದು ಲೆಕ್ಕ ಹಾಕಿದರು. ಸತ್ತ ನಂತರ ಸ್ನಾಯುವಿನಲ್ಲಿ ಉಂಟಾಗುವ ಲ್ಯಾಕ್ಟಿಕ್ ಆಮ್ಲವೇ ಅದು ಕೆಡದಂತೆ ಕಾಪಾಡಿತ್ತು.

ಎಲಿಜಬೆತ್‌ಗೆ ಸಕ್ಕರೆ ಕಾಯಿಲೆ ಇರಲಿಲ್ಲ. ರಕ್ತದಲ್ಲಿ ಕರಗಿಹೋಗುವ ಇನ್ಸುಲಿನ್‌ನಿಂದ ಸುಳಿವಿಲ್ಲದೆ ಕೊಲೆ ಮಾಡಬಹುದು ಎಂದು ಬಾರ್ಲೋ ಹಿಂದೆಯೇ ಸಹೋದ್ಯೋಗಿಗಳ ಮುಂದೆ ಜಂಬ ಕೊಚ್ಚಿದ್ದ. ಅವರು ನ್ಯಾಯಾಲಯದಲ್ಲಿ ಅದನ್ನು ಹೇಳಿದರು. 1957ರ ಡಿಸೆಂಬರ್‌ನಲ್ಲಿ ಬಾರ್ಲೋಗೆ ಜೀವಾವಧಿ ಶಿಕ್ಷೆಯಾಯಿತು. ಇನ್ಸುಲಿನ್ ಬಳಸಿ ಮಾಡಿದ ಕೊಲೆ ನ್ಯಾಯಾಲಯದಲ್ಲಿ ಸಾಬೀತಾದುದು ಅದೇ ಮೊದಲು.

ಕಡಲೆಕಾಯಿಯ ಸಿಪ್ಪೆ

ಪ್ರತಿ ಮೊಕದ್ದಮೆಗೂ ಇಲಿಗಳನ್ನು ಸಾಲಾಗಿ ನಿಲ್ಲಿಸಲು ಸಾಧ್ಯವಿಲ್ಲವಷ್ಟೆ. 1959-60ರ ವೇಳೆಗೆ ನ್ಯೂಯಾರ್ಕಿನ ರೊಸಾಲಿನ್ ಯಾಲೋ ಮತ್ತು ಸಾಲಮನ್ ಬರ್ಸನ್ ಅವರು ವಿಕಿರಣ ಸೂಸುವ ಗುರುತು ಮತ್ತು ಪ್ರತಿಕಾಯಗಳನ್ನು ಬಳಸಿ ರಕ್ತದ ಇನ್ಸುಲಿನ್ ಅಳೆಯುವ ವಿಧಾನ ರೂಪಿಸಿದರು. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಹುಮಾನ ಬಂತು. ಅಷ್ಟರಲ್ಲಿ ಬರ್ಸನ್ ತೀರಿಕೊಂಡಿದ್ದರು.

ಇನ್ಸುಲಿನ್ ಎಷ್ಟಿದೆ ಎಂದು ತಿಳಿಯಿತು, ಸರಿ. ಅದು ದೇಹದ್ದೋ, ಸೀಸೆಯದೋ ಎಂದು ತಿಳಿಯುವುದು ಹೇಗೆ? ಇದಕ್ಕೆ ದಾರಿ ತೋರಿಸಿದ್ದು 1967ರಲ್ಲಿ ಅಮೆರಿಕದ ಡೊನಾಲ್ಡ್ ಸ್ಟೈನರ್ ಅವರು ಪ್ರಕಟಿಸಿದ ಸಂಶೋಧನೆ. ನಮ್ಮ ದೇಹ ನೇರವಾಗಿ ಇನ್ಸುಲಿನ್ ತಯಾರಿಸುವುದಿಲ್ಲ. ಮೊದಲು ಪ್ರೋಇನ್ಸುಲಿನ್ ಎಂಬ ಉದ್ದನೆಯ ಸರಪಳಿಯನ್ನು ತಯಾರಿಸುತ್ತದೆ. ಅದನ್ನು ಕತ್ತರಿಸಿದಾಗ ಒಂದು ಇನ್ಸುಲಿನ್, ಒಂದು ಸಿ-ಪೆಪ್ಟೈಡ್ ಎಂಬ ತುಣುಕು ಉಳಿಯುತ್ತವೆ. ಎರಡೂ ಒಟ್ಟಿಗೇ, ಸಮಸಂಖ್ಯೆಯಲ್ಲಿ ರಕ್ತಕ್ಕೆ ಬರುತ್ತವೆ.

ಇದನ್ನು ಕಡಲೆಕಾಯಿಗೆ ಹೋಲಿಸಬಹುದು. ಮನೆಯಲ್ಲಿ ಕಡಲೆಕಾಯಿ ಸುಲಿದರೆ ಕಾಳಿನ ಜೊತೆ ಸಿಪ್ಪೆಯೂ ಬೀಳಲೇಬೇಕು. ತಟ್ಟೆ ತುಂಬ ಕಾಳಿದ್ದು ಎಲ್ಲಿಯೂ ಒಂದು ಸಿಪ್ಪೆಯೂ ಕಾಣದಿದ್ದರೆ ಏನು ಅರ್ಥ? ಆ ಕಾಳು ಮನೆಯಲ್ಲಿ ಸುಲಿದದ್ದಲ್ಲ, ಅಂಗಡಿಯಿಂದ ತಂದದ್ದು. ಔಷಧದ ಸೀಸೆಯಲ್ಲಿ ಇರುವುದು ಶುದ್ಧ ಇನ್ಸುಲಿನ್, ಅಂದರೆ ಬರಿಯ ಕಾಳು. ಅದನ್ನು ಚುಚ್ಚಿದಾಗ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಸಕ್ಕರೆ ಇಳಿಯುವುದರಿಂದ ದೇಹ ತನ್ನದೇ ತಯಾರಿಕೆಯನ್ನು ನಿಲ್ಲಿಸುತ್ತದೆ, ಸಿ-ಪೆಪ್ಟೈಡ್ ಕುಸಿಯುತ್ತದೆ. ಇನ್ಸುಲಿನ್ ರಕ್ತದಲ್ಲಿ ಕೆಲವೇ ನಿಮಿಷ ಉಳಿದರೆ ಸಿ-ಪೆಪ್ಟೈಡ್ ಹೆಚ್ಚು ಹೊತ್ತು ಉಳಿಯುವುದರಿಂದ, ಸಹಜ ಸ್ಥಿತಿಯಲ್ಲಿ ಸಿಪ್ಪೆಯ ಸಂಖ್ಯೆಯೇ ಹೆಚ್ಚು. ಈ ಲೆಕ್ಕ ತಲೆಕೆಳಗಾದರೆ ಸಂಶಯ ಪಡಬೇಕು.

ಇನ್ಸುಲಿನ್ ಮತ್ತು ಸಿ-ಪೆಪ್ಟೈಡ್ ಎರಡೂ ಹೆಚ್ಚಿದ್ದರೆ ಕಾರಣ ಬೇರೆ. ಮೇದೋಜೀರಕಾಂಗದ ಗೆಡ್ಡೆ ಇರಬಹುದು, ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ನುಂಗಿರಬಹುದು. ಆ ಮಾತ್ರೆಗಳನ್ನು ರಕ್ತ, ಮೂತ್ರಗಳಲ್ಲಿ ಪ್ರತ್ಯೇಕವಾಗಿ ಹುಡುಕಬೇಕು.

1991ರಲ್ಲಿ ಇಂಗ್ಲೆಂಡಿನ ಗ್ರಾಂಥಮ್ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಐದು ತಿಂಗಳ ಮಗುವೊಂದರ ಸಕ್ಕರೆ ಕಾರಣವಿಲ್ಲದೆ ಮತ್ತೆ ಮತ್ತೆ ಕುಸಿಯಿತು. ವೈದ್ಯರು ರಕ್ತದ ಮಾದರಿಯನ್ನು ಕಾರ್ಡಿಫ್‌ನ ಪ್ರಯೋಗಾಲಯಕ್ಕೆ ಕಳಿಸಿದರು. ಉಪವಾಸದಲ್ಲಿ ಸಾಮಾನ್ಯವಾಗಿ ಲೀಟರಿಗೆ 25 ಮಿಲಿಯೂನಿಟ್ ಮೀರದ ಇನ್ಸುಲಿನ್, ಆ ಮಗುವಿನ ರಕ್ತದಲ್ಲಿ 40,000ಕ್ಕೂ ಹೆಚ್ಚಿತ್ತು! ಸಿ-ಪೆಪ್ಟೈಡ್ ಮಾತ್ರ ಅತ್ಯಲ್ಪ. ಅದೇ ವಾರ್ಡಿನ ನರ್ಸ್ ಬೆವರ್ಲಿ ಅಲಿಟ್ ಮೇಲಿನ ತನಿಖೆಗೆ ಈ ವರದಿ ದಾರಿಯಾಯಿತು. ನಾಲ್ಕು ಮಕ್ಕಳನ್ನು ಕೊಂದ ಅಪರಾಧ ಸಾಬೀತಾಗಿ 1993ರಲ್ಲಿ ಆಕೆಗೆ 13 ಜೀವಾವಧಿ ಶಿಕ್ಷೆಗಳಾದವು. ಇನ್ಸುಲಿನ್‌ಗೆ ತುತ್ತಾಗಿದ್ದ ಆ ಮಗು ಬದುಕಿತು.

ಆಟದ ಅಂಗಳದಲ್ಲಿ

ಕ್ರೀಡಾಪಟುಗಳಿಗೇಕೆ ಇನ್ಸುಲಿನ್? ಅದು ಗ್ಲೂಕೋಸನ್ನು ಸ್ನಾಯುವಿಗೆ ತಳ್ಳಿ ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಸ್ನಾಯುವಿನ ಪ್ರೋಟೀನ್ ಸವೆಯುವುದನ್ನು ತಡೆಯುತ್ತದೆ. ಕಠಿಣ ತಾಲೀಮಿನ ನಂತರ ಬೇಗ ಚೇತರಿಸಿಕೊಳ್ಳಬಹುದು, ಮೈಕಟ್ಟು ಬೆಳೆಸಬಹುದು ಎಂಬ ಆಸೆಯಿಂದ ಕೆಲವರು ಇದರ ಮೊರೆ ಹೋದರು. 1998ರ ನಗಾನೊ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ರಷ್ಯಾ ತಂಡದ ವೈದ್ಯಾಧಿಕಾರಿಯೊಬ್ಬರು, ಇನ್ಸುಲಿನ್ ಬಳಕೆ ಸಕ್ಕರೆ ಕಾಯಿಲೆಯವರಿಗೆ ಮಾತ್ರ ಸೀಮಿತವೇ ಎಂದು ವಿಚಾರಿಸಿದರು. ಪ್ರಶ್ನೆಯ ಹಿಂದಿನ ಅರ್ಥ ಅಧಿಕಾರಿಗಳಿಗೆ ಹೊಳೆಯಿತು. ಆ ನಂತರ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಇನ್ಸುಲಿನ್ ಅನ್ನು ನಿಷೇಧಿತ ವಸ್ತುಗಳ ಪಟ್ಟಿಗೆ ಸೇರಿಸಿತು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ, ಸ್ಪರ್ಧೆಯ ವೇಳೆ ಮಾತ್ರವಲ್ಲ, ಎಲ್ಲ ಕಾಲದಲ್ಲೂ ಇದನ್ನು ನಿಷೇಧಿಸಿದೆ.

ನಿಷೇಧಿಸುವುದು ಸುಲಭ, ಹಿಡಿಯುವುದು ಕಷ್ಟ. ಬ್ರಿಟನ್ನಿನ ಓಟಗಾರ ಡ್ವೇನ್ ಚೇಂಬರ್ಸ್ 2003ರಲ್ಲಿ ಸಿಕ್ಕಿಬಿದ್ದದ್ದು ಒಂದು ಸ್ಟೆರಾಯ್ಡ್ ಬಳಕೆಗಾಗಿ. ಅವರಿಗೆ ಮದ್ದು ಪೂರೈಸಿದ್ದ ಅಮೆರಿಕದ ವಿಕ್ಟರ್ ಕಾಂಟೆ 2008ರಲ್ಲಿ ಬರೆದ ಪತ್ರದಲ್ಲಿ ಇನ್ಸುಲಿನ್ ಸೇರಿದಂತೆ ಏಳು ವಸ್ತುಗಳ ಹೆಸರಿತ್ತು. ಪರೀಕ್ಷೆಯಲ್ಲಿ ಕಾಣದ ಇನ್ಸುಲಿನ್, ಕೊಟ್ಟವನೇ ಬಾಯಿಬಿಟ್ಟಾಗ ಹೊರಗೆ ಬಂತು.

ಚಾಪೆಯ ಕೆಳಗೆ ತೂರುವವರನ್ನು ಹಿಡಿಯಲು ರಂಗೋಲಿಯ ಕೆಳಗೆ ತೂರುವವರು ಬೇಕು. ಜರ್ಮನಿಯ ಕಲೋನ್ ನಗರದ ಪ್ರಯೋಗಾಲಯದಲ್ಲಿ ಮಾರಿಯೊ ತೇವಿಸ್, ವಿಲ್ಹೆಲ್ಮ್ ಶಾನ್ಸರ್ ಮತ್ತು ಸಂಗಡಿಗರು ಆ ಕೆಲಸ ಮಾಡಿದರು. ಪ್ರತಿಕಾಯಗಳನ್ನು ಬಲೆಯಂತೆ ಬಳಸಿ ರಕ್ತ, ಮೂತ್ರಗಳಿಂದ ಇನ್ಸುಲಿನ್ ಕಣಗಳನ್ನು ಹಿಡಿಯುವುದು, ಬಳಿಕ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಸೂಕ್ಷ್ಮ ತಕ್ಕಡಿಯಲ್ಲಿ ಅವನ್ನು ತೂಗುವುದು ಅವರ ವಿಧಾನ.

ಮನುಷ್ಯರ ಇನ್ಸುಲಿನ್‌ನಲ್ಲಿ 51 ಅಮೈನೋ ಆಮ್ಲಗಳಿವೆ. ಹಂದಿಯ ಇನ್ಸುಲಿನ್ ಒಂದು ಜಾಗದಲ್ಲಿ, ದನದ್ದು ಮೂರು ಜಾಗಗಳಲ್ಲಿ ಭಿನ್ನ. ಬೇಗ ಅಥವಾ ನಿಧಾನವಾಗಿ ಕೆಲಸ ಮಾಡಲೆಂದು ಪ್ರಯೋಗಾಲಯದಲ್ಲಿ ಮಾರ್ಪಡಿಸಿದ ಆಸ್ಪಾರ್ಟ್, ಗ್ಲಾರ್ಜಿನ್ ಮುಂತಾದ ಬಗೆಗಳಲ್ಲೂ ಕೆಲವು ಆಮ್ಲಗಳು ಬೇರೆ. ಹಾಗಾಗಿ ಅವುಗಳ ತೂಕವೂ ಬೇರೆ. ಇಂಥವು ದೇಹದಲ್ಲಿ ತಾವಾಗಿ ಹುಟ್ಟಲಾರವು. ಕಂಡವೆಂದರೆ ಹೊರಗಿನಿಂದ ಬಂದವೆಂದೇ ಅರ್ಥ.

ಲಿಸ್ಪ್ರೋ ಎಂಬ ಬಗೆ ಮಾತ್ರ ಕೊಂಚ ತುಂಟ. ಅದರಲ್ಲಿ ಅಕ್ಕಪಕ್ಕದ ಎರಡು ಆಮ್ಲಗಳು ಪರಸ್ಪರ ಜಾಗ ಬದಲಿಸಿವೆ, ಅಷ್ಟೆ. ‘ರಸ’ ಮತ್ತು ‘ಸರ’ ಪದಗಳಲ್ಲಿ ಅಕ್ಷರಗಳು ಅವೇ, ಕ್ರಮ ಬೇರೆ. ಹಾಗೆಯೇ ಇಲ್ಲಿಯೂ ಒಟ್ಟು ತೂಕ ಒಂದೇ. ಅದಕ್ಕೆ ವಿಜ್ಞಾನಿಗಳು ಕಣವನ್ನು ತುಂಡರಿಸಿ ಚೂರುಗಳನ್ನು ತೂಗುತ್ತಾರೆ. ಚೂರಿನ ತೂಕದಲ್ಲಿ ಅಕ್ಷರಗಳ ಕ್ರಮ ಬಯಲಾಗುತ್ತದೆ. ಬೆಂಗಳೂರಿನ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದಂಥ, ಸೂಕ್ಷ್ಮಜೀವಿಗಳಿಂದ ತಯಾರಿಸುವ ‘ಮಾನವ ಇನ್ಸುಲಿನ್’ ದೇಹದ ಇನ್ಸುಲಿನ್‌ನ ತದ್ರೂಪ. ಅಲ್ಲಿ ತಕ್ಕಡಿಗೆ ಕಷ್ಟ. ಕಾಳು ಮತ್ತು ಸಿಪ್ಪೆಯ ಲೆಕ್ಕವೇ ನೆರವಿಗೆ ಬರಬೇಕು.

ಸಾಕ್ಷಿ ತಪ್ಪಿದರೆ?

ಇಷ್ಟೆಲ್ಲ ಇದ್ದರೂ ಒಂದು ಸಂಖ್ಯೆಯನ್ನು ಹಿಡಿದು ತೀರ್ಪು ಕೊಡುವುದು ಅಪಾಯಕಾರಿ. ಅಮೆರಿಕದಲ್ಲಿ ಸಿರಿವಂತ ಮಹಿಳೆ ಸನ್ನಿ ಫಾನ್ ಬ್ಯೂಲೋ 1980ರ ಡಿಸೆಂಬರ್‌ನಲ್ಲಿ ಪ್ರಜ್ಞೆ ತಪ್ಪಿದವರು 2008ರಲ್ಲಿ ಸಾಯುವವರೆಗೂ ಎಚ್ಚರಗೊಳ್ಳಲಿಲ್ಲ. ಇನ್ಸುಲಿನ್ ಚುಚ್ಚಿದನೆಂದು ಗಂಡ ಕ್ಲಾಸ್‌ಗೆ 1982ರಲ್ಲಿ ಶಿಕ್ಷೆಯಾಯಿತು. ಸೂಜಿಯ ಹೊರಮೈಯಲ್ಲಿ ಅಂಟಿದ್ದ ಇನ್ಸುಲಿನ್ ದೊಡ್ಡ ಸಾಕ್ಷ್ಯವಾಗಿತ್ತು. ಚುಚ್ಚಿ ಹೊರತೆಗೆದ ಸೂಜಿಯನ್ನು ಚರ್ಮವೇ ಒರೆಸಿಬಿಡುತ್ತದೆ, ಹೊರಮೈಯಲ್ಲಿ ಅದು ಉಳಿಯುವುದಾದರೂ ಹೇಗೆ ಎಂದು ತಜ್ಞರು ಕೇಳಿದರು. ಆ ತೀರ್ಪು ರದ್ದಾಗಿ, ಮರುವಿಚಾರಣೆ ನಡೆದು 1985ರಲ್ಲಿ ಆತ ಖುಲಾಸೆಯಾದ.

ಇಂಗ್ಲೆಂಡಿನ ನರ್ಸ್ ಲೂಸಿ ಲೆಟ್ಬಿಗೆ ಶಿಶುಗಳ ಕೊಲೆಗಾಗಿ 2023ರಲ್ಲಿ ಶಿಕ್ಷೆಯಾದಾಗ ಎರಡು ಶಿಶುಗಳ ರಕ್ತದಲ್ಲಿ ಇನ್ಸುಲಿನ್ ಹೆಚ್ಚು, ಸಿ-ಪೆಪ್ಟೈಡ್ ಕಡಿಮೆ ಇದ್ದದ್ದು ಮುಖ್ಯ ಸಾಕ್ಷ್ಯಗಳಲ್ಲಿ ಒಂದಾಗಿತ್ತು. 2025ರಲ್ಲಿ ಅಂತಾರಾಷ್ಟ್ರೀಯ ತಜ್ಞರ ತಂಡವೊಂದು ಆ ಮೊಕದ್ದಮೆಯ ವೈದ್ಯಕೀಯ ಸಾಕ್ಷ್ಯವನ್ನೇ ಪ್ರಶ್ನಿಸಿತು. ಪ್ರತಿಕಾಯ ಬಳಸುವ ಪರೀಕ್ಷೆಗೆ ರಕ್ತದಲ್ಲಿನ ಬೇರೆ ಪ್ರತಿಕಾಯಗಳು ಅಡ್ಡ ಬರಬಹುದು, ಅದನ್ನು ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ದೃಢಪಡಿಸಿಕೊಳ್ಳಬೇಕು ಎಂಬ ಮಾತಿಗೆ ಈ ವಿವಾದದಿಂದ ಮತ್ತೆ ಬಲ ಬಂದಿದೆ. ತಪ್ಪಿತಸ್ಥ ಪಾರಾಗಬಾರದು. ನಿರಪರಾಧಿ ಸಿಕ್ಕಿಬೀಳಲೂ ಬಾರದು.

ಎಲ್ಲಕ್ಕಿಂತ ಮುಖ್ಯವಾದುದು ಸಮಯ. ಕಾರಣವಿಲ್ಲದೆ ಸಕ್ಕರೆ ಕುಸಿದ ರೋಗಿ ಬಂದಾಗ ಆಸ್ಪತ್ರೆಯವರು ಗ್ಲೂಕೋಸ್ ಏರಿಸುವ ಸೂಜಿಯಿಂದಲೇ ಮೊದಲು ಸ್ವಲ್ಪ ರಕ್ತ ತೆಗೆದಿಡಬೇಕು. ಕೆಂಪು ಕಣಗಳು ಒಡೆದರೆ ಇನ್ಸುಲಿನ್ ನಾಶವಾಗುವುದರಿಂದ ಆ ರಕ್ತವನ್ನು ಬೇಗ ಬೇರ್ಪಡಿಸಿ ಹೆಪ್ಪುಗಟ್ಟಿಸಿ ಇಡಬೇಕು. ಆ ಒಂದು ಚಮಚ ರಕ್ತ ಉಳಿಯದಿದ್ದರೆ ಮುಂದೆ ಯಾವ ಯಂತ್ರವೂ ಉತ್ತರ ಹೇಳಲಾರದು.

ಮನೆಯವರು ತಿಳಿದಿರಬೇಕಾದುದು

ಇಷ್ಟನ್ನು ಓದಿ ಇನ್ಸುಲಿನ್ ಬಗ್ಗೆ ಭಯ ಪಡಬೇಕಾಗಿಲ್ಲ. ವೈದ್ಯರು ಹೇಳಿದ್ದರೆ ಅದನ್ನು ನಿಲ್ಲಿಸುವುದೇ ಹೆಚ್ಚಿನ ಅಪಾಯ. ಅತಿ ಪ್ರಮಾಣದ ಹಿಂದೆ ಸದಾ ದುರುದ್ದೇಶ ಇರುವುದೂ ಇಲ್ಲ, ಮರೆವು ಮತ್ತು ಅವಸರಗಳೂ ಕಾರಣವಾಗುತ್ತವೆ. ಕೆಲವು ವಿಷಯಗಳನ್ನು ನೆನಪಿಡಿ.

ನಮ್ಮಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಸೀಸೆಗಳೂ 100 ಯೂನಿಟ್ ಇರುವ ಸೀಸೆಗಳೂ ಸಿಗುತ್ತವೆ. ಎರಡಕ್ಕೂ ಬೇರೆ ಬೇರೆ ಸಿರಿಂಜ್. 40ರ ಸಿರಿಂಜ್‌ನಲ್ಲಿ 100ರ ಔಷಧ ಎಳೆದುಕೊಂಡರೆ ಎರಡೂವರೆ ಪಟ್ಟು ಹೆಚ್ಚು ಇನ್ಸುಲಿನ್ ಮೈಗೆ ಹೋಗುತ್ತದೆ. ಸೀಸೆಯ ಮೇಲಿನ ಸಂಖ್ಯೆ, ಸಿರಿಂಜ್‌ನ ಮೇಲಿನ ಸಂಖ್ಯೆ ಎರಡೂ ಒಂದೇ ಇದೆಯೇ ಎಂದು ಪ್ರತಿ ಬಾರಿಯೂ ನೋಡಿ.

ವಯಸ್ಸಾದವರು ಚುಚ್ಚಿಕೊಂಡದ್ದನ್ನು ಮರೆತು ಮತ್ತೊಮ್ಮೆ ಚುಚ್ಚಿಕೊಳ್ಳುವುದುಂಟು. ಕ್ಯಾಲೆಂಡರಿನಲ್ಲಿ ವೇಳೆ ಮತ್ತು ಯೂನಿಟ್ ಬರೆದಿಡುವ ಅಭ್ಯಾಸ ಒಳ್ಳೆಯದು. ಸೀಸೆ, ಸೂಜಿಗಳು ಮಕ್ಕಳ ಕೈಗೆ ಸಿಗದಿರಲಿ.

ಬೆವರು, ನಡುಕ, ಎದೆ ಬಡಿತ, ವಿಪರೀತ ಹಸಿವು, ಕಾರಣವಿಲ್ಲದ ಸಿಡುಕು, ತೊದಲು ಮಾತು, ಇವು ಸಕ್ಕರೆ ಇಳಿದುದರ ಸೂಚನೆಗಳು. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಅದು ಶ್ವಾಸನಾಳಕ್ಕೆ ಇಳಿದೀತು. ಒಂದು ಮಗ್ಗುಲಿಗೆ ಮಲಗಿಸಿ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ರೋಗಿಯ ಔಷಧಗಳನ್ನೆಲ್ಲ ಜೊತೆಗೆ ತೆಗೆದುಕೊಂಡು ಹೋಗಿ.

ಮನೆಯಲ್ಲಿ ಜಿಮ್‌ಗೆ ಹೋಗುವ ಹುಡುಗರಿದ್ದರೆ ಅವರೊಡನೆ ಈ ವಿಷಯ ಮಾತನಾಡಿ. ಸಕ್ಕರೆ ಕಾಯಿಲೆ ಇಲ್ಲದ ದೇಹದಾರ್ಢ್ಯಪಟುಗಳು ಇನ್ಸುಲಿನ್ ಚುಚ್ಚಿಕೊಂಡು ಪ್ರಜ್ಞೆ ತಪ್ಪಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಚುಚ್ಚಿಕೊಂಡು ಮಲಗಿದವನ ಸಕ್ಕರೆ ರಾತ್ರಿ ನಿದ್ದೆಯಲ್ಲೇ ಇಳಿದರೆ ಎಬ್ಬಿಸುವವರು ಯಾರು?

ಇನ್ನು ಸಕ್ಕರೆ ಕಾಯಿಲೆ ಇರುವ ಮಕ್ಕಳು ಆಟ ಬಿಡಬೇಕಾಗಿಲ್ಲ. ಬ್ರಿಟನ್ನಿನ ದೋಣಿ ಪಟು ಸ್ಟೀವ್ ರೆಡ್‌ಗ್ರೇವ್‌ಗೆ 1997ರಲ್ಲಿ ಈ ಕಾಯಿಲೆ ಪತ್ತೆಯಾಯಿತು. ಇನ್ಸುಲಿನ್ ತೆಗೆದುಕೊಳ್ಳುತ್ತಲೇ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅವರು ಸತತ ಐದನೆಯ ಒಲಿಂಪಿಕ್ಸ್‌ನ ಚಿನ್ನ ಗೆದ್ದರು. ಕ್ರಿಕೆಟಿಗ ವಾಸಿಂ ಅಕ್ರಮ್ ಕೂಡ ಸಕ್ಕರೆ ಕಾಯಿಲೆ ಪತ್ತೆಯಾದ ಮೇಲೂ ವರ್ಷಗಟ್ಟಲೆ ಬೌಲಿಂಗ್ ಮಾಡಿದರು. ಸ್ಪರ್ಧೆಗಳಿಗೆ ಹೋಗುವವರು ವೈದ್ಯರ ದಾಖಲೆಗಳೊಂದಿಗೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯಿಂದ, ಅಂದರೆ ನಾಡಾದಿಂದ, ಚಿಕಿತ್ಸೆಗಾಗಿ ಔಷಧ ಬಳಸುವ ಅನುಮತಿ ಪಡೆದಿರಬೇಕು. ಆಗ ಅದೇ ಇನ್ಸುಲಿನ್ ಮೋಸವಾಗುವುದಿಲ್ಲ, ಹಕ್ಕಾಗುತ್ತದೆ.

ಬಾರ್ಲೋ ಕಾಲದಲ್ಲಿ ಉತ್ತರ ಹೇಳಲು ಇಲಿಗಳು ಬೇಕಾದವು. ಇಂದು ಒಂದು ಸಣ್ಣ ನಳಿಗೆಯ ರಕ್ತ ಸಾಕು, ಅದನ್ನು ಹೊತ್ತಿಗೆ ಸರಿಯಾಗಿ ತೆಗೆದಿಟ್ಟಿದ್ದರೆ. ಮನೆಯಲ್ಲಿ ಯಾರಿಗಾದರೂ ಕಾರಣ ತಿಳಿಯದೆ ಮತ್ತೆ ಮತ್ತೆ ಸಕ್ಕರೆ ಇಳಿಯುತ್ತಿದ್ದರೆ ‘ಉಪವಾಸ ಇದ್ದರೇನೋ’ ಎಂದು ಸುಮ್ಮನಾಗಬೇಡಿ. ಸಿ-ಪೆಪ್ಟೈಡ್ ಪರೀಕ್ಷೆಯ ಅಗತ್ಯವಿದೆಯೇ ಎಂದು ವೈದ್ಯರನ್ನು ಕೇಳಿ. ಅದು ಗೆಡ್ಡೆಯೋ, ತಪ್ಪಿ ನುಂಗಿದ ಮಾತ್ರೆಯೋ, ಸಿರಿಂಜ್‌ನ ಎಡವಟ್ಟೋ ಆಗಿರಬಹುದು. ಯಾವುದೇ ಆಗಿರಲಿ, ಬೇಗ ಗೊತ್ತಾದರೆ ಜೀವ ಉಳಿಯುತ್ತದೆ.